ಚೊಂಬಿಗೆ ಆನಿಸಿಟ್ಟ ದಮ್ಮಾಮ್

ಮೊನ್ನೆ ಶಹಾಪುರದಿಂದ ಯಾದಗಿರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಮನುಷ್ಯ ಫೋನನ್ನು ಕಿವಿಗೆ ಹಿಡಿಯಲಿಲ್ಲ. ರೊಟ್ಟಿ ಕಡಿಯುವವನ ಹಾಗೆ ಬಾಯಿಯ ಮುಂದೆ ಅಡ್ಡ ಹಿಡಿದು, ಸ್ಪೀಕರ್ ಹಚ್ಚಿ, "ಹಾಂ, ಹೇಳು!" ಎಂದು ಒದರಿದ. ಆ ಕಡೆಯಿಂದ ಹೆಣ್ಣುದನಿಯೊಂದು, "ಮೊದಲ ಸ್ಪೀಕರ್ ಬಂದ್ ಮಾಡ್ರಿ" ಎಂದಿತು. "ಇರ್ಲಿ ಹೇಳು, ಇಲ್ಲಿ ಯಾರೂ ಇಲ್ಲ" ಎಂದ ಇವನು. ಯಾರೂ ಇಲ್ಲವಂತೆ! ಡ್ರೈವರ್, ಕಂಡಕ್ಟರ್, ಅಬ್ಬೆತುಮಕೂರಿನ ಮಠಕ್ಕೆ ಹೊರಟ ಒಂದು ಹಿಂಡು ಮುದುಕಿಯರು, ಬುಟ್ಟಿಯೊಳಗಿನ ಹುಂಜ, ಪಕ್ಕದಲ್ಲೇ ತೊಡೆಗೆ ತೊಡೆ ತಾಗಿಸಿಕೊಂಡು ಕುಳಿತ ನಾನು. ಇಷ್ಟೂ ಜನರನ್ನು ಒಂದೇ ಮಾತಿನಲ್ಲಿ ಅಳಿಸಿ ಹಾಕಿದ ಪುಣ್ಯಾತ್ಮ.

ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಮಾತು ಅಂದೇಬಿಡಬೇಕೆಂದು ಬಾಯಿ ತೆರೆದೆ. ಆದರೆ ಆ "ಸ್ಪೀಕರ್ ಬಂದ್ ಮಾಡ್ರಿ" ಇದೆಯಲ್ಲ, ಅದು ನನ್ನನ್ನು ಹಿಡಿದು ನಮ್ಮ ಓಣಿಯ ಖಾಸಿಂ ಚಾಚಾನ ಪಡಸಾಲೆಗೆ ಒಯ್ದು ಕೂರಿಸಿತು.

ಅಲ್ಲಿಗೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ. ಅದಕ್ಕೆ ಮೊದಲು ನನ್ನ ಬಗ್ಗೆ ಒಂದು ಮಾತು; ಬೇರೆಯವರ ಬಾಯಿಂದ ಕೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ನನಗೆ ಬರುವ ವಿದ್ಯೆ ಒಂದೇ: ಮಂದಿಯ ದನಿ ತೆಗೆಯುವುದು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಮ್ಮಪ್ಪ "ನಾಳಿ ಬರ್ರಿ" ಎನ್ನುವುದನ್ನು ನಾನು ಅವನಿಗಿಂತ ಚೆನ್ನಾಗಿ ಅನ್ನುತ್ತಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು ಎಬ್ಬಿಸಿ ನಿಲ್ಲಿಸಿದ್ದೆ. ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರೆಂಬುದು ಬೇರೆ ಮಾತು. "ಎಲ್ಲಾರ ದನಿ ತಗೀತಿ, ನಿಂದಂತ ಒಂದು ದನಿ ಅದನೋ ಇಲ್ಲೋ?" ಎಂದು ನಮ್ಮವ್ವ ಕೇಳುತ್ತಿದ್ದಳು. ಅದಕ್ಕೂ ನಾನು ಅವಳ ದನಿಯಲ್ಲೇ ಉತ್ತರ ಕೊಟ್ಟು ಏಟು ತಿನ್ನುತ್ತಿದ್ದೆ.

ಕಾಲುವೆ ಬಂದ ಮೇಲೆ ನಮ್ಮ ಕಡೆ ಬೆಳೆ ಬದಲಾಯಿತೆಂದು ಎಲ್ಲರೂ ಹೇಳುತ್ತಾರೆ. ಜೋಳ ಹೋಗಿ ಭತ್ತ ಬಂತು, ನಿಜ. ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಬೆಳೆಯೂ ಬಂತು: ಮಾತು. ಮಳೆಯನ್ನೇ ನಂಬಿದವನು ಹೊಲದಲ್ಲಿರುತ್ತಾನೆ, ಕಾಲುವೆಯ ನೀರಿಗೆ ಕಾಯುವವನು ಪಡಸಾಲೆಯಲ್ಲಿರುತ್ತಾನೆ. ಕಾಯುವ ಗಂಡಸಿಗೆ ಮಾತಾಡಲು ತನ್ನ ಊರು ಸಾಲುವುದಿಲ್ಲ. ಇರಾನು ಬೇಕು, ಚೀನಾ ಬೇಕು, ಎಣ್ಣೆಯ ಬಾವಿಗಳು ಬೇಕು. ಖಾಸಿಂ ಚಾಚಾನ ಹೊಲವೋ, ಕಾಲುವೆಯ ಬಾಲದ ತುದಿಯಲ್ಲಿತ್ತು. ಅಲ್ಲಿಗೆ ನೀರು ತಲುಪುವಷ್ಟರಲ್ಲಿ ಮೇಲಿನವರು ಹೊಲಕ್ಕೆ ಕುಡಿಸಿ, ದನ ತೊಳೆಸಿ, ಉಳಿದದ್ದನ್ನು ಬಿಟ್ಟಿರುತ್ತಿದ್ದರು. ಆದ್ದರಿಂದ ಚಾಚಾನಿಗೆ ಬಿಡುವು ಬಹಳ, ಲೋಕಜ್ಞಾನ ಅದಕ್ಕಿಂತ ಬಹಳ.

ಅವನ ಮಗ ಮಹಿಬೂಬ್ ಭಾಯಿ ಮದುವೆಯಾದ ವರ್ಷವೇ ಸೌದಿಯ ದಮ್ಮಾಮ್‌ಗೆ ಎಸಿ ರಿಪೇರಿ ಕೆಲಸಕ್ಕೆ ಹೋಗಿದ್ದ. ಅಲ್ಲಿ ಶುಕ್ರವಾರ ರಜೆ. ನಮಾಜು ಮುಗಿಸಿ, ಊಟ ಮಾಡಿ, ನಮ್ಮ ಮಧ್ಯಾಹ್ನದ ಚಹಾದ ಹೊತ್ತಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಆ ಮನೆಯಲ್ಲಿ ಅಂಥ ಫೋನ್ ಇದ್ದದ್ದು ಒಂದೇ, ಅದು ಚಾಚಾನ ಅಂಗಿಯ ಜೇಬಿನಲ್ಲಿ. ಕಾಲ್ ಬಂದೊಡನೆ ಅದನ್ನು ಒಂದು ಹಿತ್ತಾಳೆ ಚೊಂಬಿಗೆ ಆನಿಸಿಟ್ಟು, ಸ್ಪೀಕರಿನ ದನಿ ಪೂರ್ತಿ ಏರಿಸಿ, "ಬರ್ರೋ, ದಮ್ಮಾಮ್ ಬಂತು!" ಎಂದು ಓಣಿಗೆಲ್ಲ ಕೇಳುವಂತೆ ಕರೆಯುತ್ತಿದ್ದ. ಏಳೆಂಟು ಗಂಡಸರು ಬಂದು ಜಮಖಾನೆಯ ಮೇಲೆ ಕೂರುತ್ತಿದ್ದರು. ಅದು ನಮ್ಮ ಓಣಿಯ ಭದ್ರತಾ ಮಂಡಳಿ. ವಿಟೋ ಅಧಿಕಾರ ಚಾಚಾನದು.

ಅಲ್ಲಿ ಮಾತಾಡಲು ವಯಸ್ಸಿನ ಸರದಿ. ಹಿರಿಯರು ಮೊದಲು. ಚಾಚಾ ಮಾತಾಡಬೇಕು, ನಂತರ ಸಮಾಜ ಪಾಠ ಹೇಳಿ ನಿವೃತ್ತರಾದ ಬಸಣ್ಣ ಮಾಸ್ತರು, ನಂತರ ಉಳಿದ ಹಿರಿಯರು. ಬಸಣ್ಣ ಮಾಸ್ತರು ಒಂದು ಹಳೆಯ ಅಟ್ಲಾಸ್ ತರುತ್ತಿದ್ದರು. ಅದರಲ್ಲಿ ರಷ್ಯಾ ಇನ್ನೂ ಒಡೆದಿರಲಿಲ್ಲ, ಮಾಸ್ತರು ಒಡೆಯಲು ಬಿಡುವವರೂ ಅಲ್ಲ.

"ಮಹಿಬೂಬ, ಮತ್ತ ಅಮೆರಿಕದ ಮನಸಿನಾಗ ಏನದ?" ಎಂದು ಅವರು ಕೇಳುವರು.

"ನನಗೇನ ಗೊತ್ತ್ರಿ ಮಾಸ್ತರ, ನಾ ಎಸಿ ರಿಪೇರಿ ಮಾಡಾಂವ."

"ಅಲ್ಲೇ ಬಾಜೂಕ ಅದೀಯಲ್ಲೋ! ಕಿವಿ ಮ್ಯಾಲ ಏನೂ ಬಿದ್ದಿಲ್ಲೇನು?"

ಹೀಗೆ ಅಮೆರಿಕ, ಇರಾನು, ಖರ್ಜೂರದ ಧಾರಣೆ, ಅಲ್ಲಿಯ ಒಂಟೆಗೆ ಎಷ್ಟು ನೀರು ಬೇಕು ಎಂಬುದೆಲ್ಲ ಮುಗಿಯುವ ಹೊತ್ತಿಗೆ ಮಹಿಬೂಬ್ ಭಾಯಿಯ ಕೋಣೆಯ ಜೊತೆಗಾರ ಅವನನ್ನು ಕರೆಯುತ್ತಿದ್ದ, ಇಲ್ಲವೇ ಚಾಚಾನ ಫೋನಿನ ಚಾರ್ಜು ಕೊನೆಯುಸಿರು ಎಳೆಯುತ್ತಿತ್ತು. ಆಗ ಒಳಬಾಗಿಲಿನ ಪರದೆಯ ಹಿಂದೆ ಅಷ್ಟು ಹೊತ್ತೂ ನಿಂತ ರಜಿಯಾ ಭಾಬಿಯ ಸರದಿ. ಅವಳು ಹೆಂಡತಿ. ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯಳು, ಆದ್ದರಿಂದ ಕಡೆಯವಳು.

"ಊಟ ಆತ?" ಎಂದು ದಮ್ಮಾಮ್ ಕೇಳುತ್ತಿತ್ತು.

"ಹೌದ್ರಿ" ಎಂದು ಪರದೆ ಹೇಳುತ್ತಿತ್ತು. ಪಡಸಾಲೆಯೆಲ್ಲ ಕಿವಿಯಾಗಿರುತ್ತಿತ್ತು. ಫೋನು ಸತ್ತುಹೋಗುತ್ತಿತ್ತು.

ನಾನು ನಗುತ್ತಿದ್ದೆ. ಮರುದಿನ ಹೋಟೆಲಿನಲ್ಲಿ ಈ ಇಡೀ ಸಭೆಯನ್ನು ಒಬ್ಬನೇ ಮಾಡಿ ತೋರಿಸುತ್ತಿದ್ದೆ: ಚಾಚಾ, ಮಾಸ್ತರು, ದಮ್ಮಾಮಿನ ಕರಕರ, ಕಡೆಗೆ ಪರದೆಯ "ಹೌದ್ರಿ". ಆ "ಹೌದ್ರಿ"ಗೆ ಎಲ್ಲರಿಗಿಂತ ಹೆಚ್ಚು ನಗು ಬೀಳುತ್ತಿತ್ತು.

ಆ ವರ್ಷ ಭಾಬಿಗೆ ಯಾದಗಿರಿಯಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತು. ಸುರಪುರದ ತೌರುಮನೆಯಲ್ಲಿದ್ದಾಗಲೇ ಪಿಯುಸಿ ಪಾಸು ಮಾಡಿದ್ದಳು. ಟೀಚರ್ ಆಗಬೇಕೆಂಬುದು ಅಂದಿನಿಂದ ಇದ್ದ ಆಸೆ. ಮಾವನನ್ನು ಕೇಳಿದಳು. ಚಾಚಾ ಕೆಟ್ಟವನಲ್ಲ, ಬರೀ ಜಾರಿಕೊಳ್ಳುವವನು. "ನಂದೇನದ ಬೇಟಿ? ನಿನ್ನ ಗಂಡನ್ನ ಕೇಳು. ಅಂವ ಹೂಂ ಅಂದ್ರ ಹೋಗು" ಎಂದ. ಕೇಳುವುದು ಹೇಗೆ? ಶುಕ್ರವಾರ ಬಂತು, ಇರಾನು ಬಂತು, ಒಂಟೆ ಬಂತು, "ಊಟ ಆತ?" ಬಂತು, ಹೋಯಿತು. ಮುಂದಿನ ಶುಕ್ರವಾರವೂ ಹೀಗೆಯೇ ಹೋಯಿತು. ಗಂಡನನ್ನು ಕೇಳು ಎನ್ನುವವನೂ ಅವನೇ, ಗಂಡನ ಮುಂದೆ ಅಡ್ಡ ಕುಳಿತವನೂ ಅವನೇ! ನನಗೇ ಇಷ್ಟು ಸಿಟ್ಟು ಬರಬೇಕಾದರೆ ಅವಳಿಗೆ ಎಷ್ಟು ಬಂದಿರಬೇಡ. ಸೇರಲು ಸೋಮವಾರ ಕಡೆಯ ದಿನ. ಅದಕ್ಕೆ ಮೊದಲು ಉಳಿದದ್ದು ಒಂದೇ ಶುಕ್ರವಾರ.

ಗುರುವಾರ ಹಿತ್ತಲ ಗೋಡೆಯ ಆಚೆ ಅವಳು ಬಟ್ಟೆ ಹಿಂಡುತ್ತಿದ್ದಳು. ಹಿಂಡುವ ರೀತಿ ನೋಡಿದರೆ ಅದು ಚಾಚಾನ ಅಂಗಿಯೆಂದು ಯಾರಿಗಾದರೂ ತಿಳಿಯುತ್ತಿತ್ತು.

"ಭಾಬಿ, ನನ್ನ ಫೋನ್ ತಗೋರಿ. ಈಗ ಮಾತಾಡಿ ಮುಗಿಸ್ರಿ" ಎಂದೆ.

"ಕದ್ದು ಮಾತಾಡಾಕ ನಾ ಏನ್ ತಪ್ಪ ಮಾಡೀನಿ? ನನ್ನ ಗಂಡನ ಕೂಡ ಮಂದಿ ಫೋನಿನಾಗ ಯಾಕ ಮಾತಾಡ್ಲಿ? ನಮ್ಮ ಮನಿ ಫೋನ್, ನಮ್ಮ ಪಡಸಾಲಿ. ಅಲ್ಲೇ ಕುಂತು ಮಾತಾಡ್ತೀನಿ."

"ಮತ್ತ ಆ ಮಂದಿ?"

ಅವಳು ಅಂಗಿಯನ್ನು ಜಾಡಿಸಿದಳು. "ಊರ ಮಂದೀದೆಲ್ಲಾ ದನಿ ತಗೀತೀಯಂತ. ನಂದೂ ತಗೀತೀಯಂತ, ಹೋಟೆಲಿನಾಗ. ಕೇಳೀನಿ."

ಯಾರ ದನಿಯೂ ನೆರವಿಗೆ ಬರಲಿಲ್ಲ.

"ಇರ್ಲಿ. ನಾಳಿಗಿ ಅವರನ್ನ ಸ್ವಲ್ಪ ಹೊತ್ತ ಎಬ್ಬಿಸಿ ಕಳಸು. ಏನಾರ ಮಾಡು. ಆದ್ರ ಸುಳ್ಳ ಹೇಳಬ್ಯಾಡ ಮತ್ತ."

"ಸುಳ್ಳ ನಾ ಹೇಳಂಗಿಲ್ಲ ಭಾಬಿ" ಎಂದೆ. "ಭೀಮಣ್ಣ ಹೇಳ್ತಾನ."

ಭೀಮಣ್ಣನೆಂದರೆ ನಮ್ಮ ಕಾಲುವೆಯ ಗೇಟು ಎತ್ತುವವನು. ನೀರು ಬಿಟ್ಟ ದಿನ ಅವನು ಓಣಿಯ ಬಾಯಿಗೆ ಬಂದು ಒಂದೇ ಒಂದು ಸಲ ಕೂಗುವುದು ರೂಢಿ. ಎರಡನೆಯ ಸಲ ಕೂಗುವುದಿಲ್ಲ. ಕೇಳಿದವರು ಸಲಿಕೆ ಹಿಡಿದು ಓಡಬೇಕು. ತನ್ನ ಹೊಲಕ್ಕೆ ನೀರು ತಿರುಗುವ ಮಡೆಯಲ್ಲಿ ತಾನು ನಿಲ್ಲದವನ ನೀರು ಮೇಲಿನವನ ಪಾಲು. ಅವನ ಕೂಗಿಗೆ ಜನ ಊಟದ ತಾಟು ಬಿಟ್ಟು ಎದ್ದದ್ದನ್ನು, ಅರ್ಧ ಬೋಳಿಸಿಕೊಂಡ ಗಡ್ಡದಲ್ಲಿ ಓಡಿದ್ದನ್ನು ನಾನು ನೋಡಿದ್ದೇನೆ. ಬೀಡಿಯಿಂದ ಒಡೆದ ದನಿ. ಮೊದಲು ಒಂದು ಕೆಮ್ಮು, ಆಮೇಲೆ ಸುದ್ದಿ.

ಶುಕ್ರವಾರ ನಾನು ಓಣಿಯ ಕಡೆಯ ಗೋಡೆಯ ಹಿಂದೆ ಕುಳಿತೆ. ಒಳಗೆ ಮಂಡಳಿ ನಡೆದಿತ್ತು.

"ಅಬ್ಬಾ, ಇಲ್ಲಿ ಈಗ ಹೆಣ್ಮಕ್ಕಳು ಗಾಡಿ ಹೊಡಿಯಾಕತ್ತ್ಯಾರ" ಎಂದು ಅಪ್ಪನಿಗೆ ಹೇಳುತ್ತಿದ್ದ ಮಹಿಬೂಬ್ ಭಾಯಿ. "ನಾ ಕೆಲಸ ಮಾಡೋ ಶಾಪಿಂಗ್ ಮಾಲಿನ ಕೌಂಟರಿನಾಗೂ ಹುಡುಗ್ಯಾರು ಬಂದು ಕುಂತಾರ."

"ವಾಹ್!" ಎಂದು ಚಾಚಾ ತೊಡೆ ತಟ್ಟಿದ. "ಕೇಳಿದ್ರೇನ್ ಮಾಸ್ತರ? ಮುಲ್ಕ್ ಅಂದ್ರ, ದೇಶ ಅಂದ್ರ, ಹಿಂಗ ಮುಂದ ಹೋಗಬೇಕು! ಹೆಣ್ಮಕ್ಕಳು ಕಲೀಬೇಕು, ದುಡೀಬೇಕು. ನಾ ಮೊದಲಿಂದ ಹೇಳಾಕತ್ತೀನಿ."

"ಭಾಳ ದೊಡ್ಡ ಬದಲಾವಣಿ" ಎಂದು ಮಾಸ್ತರು ಅಟ್ಲಾಸಿನ ಹಾಳೆ ತಿರುವಿದರು.

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಬಿತ್ತು ಎಂದರೆ ಸರಿಯಲ್ಲ, ಅದನ್ನು ಒಗೆಯಲಾಯಿತು. ನಾನು ಕೆಮ್ಮಿದೆ.

"ಏ ನೀರ ಬಂತ್ರೋ! ಬಾಲದ ಮಂದಿ ಓಡ್ರಿ! ಆಮ್ಯಾಗ ನನಗ ಅನಬ್ಯಾಡ್ರಿ!"

ಇರಾನು, ಅಮೆರಿಕ, ಒಡೆಯದ ರಷ್ಯಾ ಎಲ್ಲ ಒಟ್ಟಿಗೆ ಎದ್ದು ಚಪ್ಪಲಿ ಹುಡುಕಿದವು. ಚಾಚಾನಿಗೆ ಸಿಕ್ಕಿದ್ದು ಒಂದು ತನ್ನದು, ಒಂದು ಮಾಸ್ತರರದು. ಒಂದು ಗುಂಟೆ ಹೊಲವೂ ಇಲ್ಲದ ಮಾಸ್ತರು ಅಟ್ಲಾಸ್ ಹಿಡಿದೇ ಓಡಿದರು. ಯಾಕೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಫೋನು ಚೊಂಬಿಗೆ ಆನಿಸಿದಲ್ಲೇ ಉಳಿಯಿತು. ನಾನೂ ಸಂಶಯ ಬಾರದಿರಲೆಂದು ಗುಂಪಿನ ಹಿಂದೆ ಓಡಿದೆ.

ಕಾಲುವೆ ಒಣಗಿ ಬಿದ್ದಿತ್ತು. ಭೀಮಣ್ಣ ಬೇವಿನ ಮರದ ಕೆಳಗೆ ಮಲಗಿದ್ದ. "ಏ ಭೀಮ್ಯಾ, ನೀರ ಬಂತು ಅಂತ ಒದರಿ ಬಂದು ಇಲ್ಲಿ ಬಿದ್ದೀಯಲ್ಲೋ! ನೀರ ಎಲ್ಲದ?" ಎಂದು ಚಾಚಾ ಅವನ ಮೇಲೆ ಏರಿಹೋದ.

"ನಾನು? ನಾ ಯಾವಾಗ ಒದರಿದೆ?"

"ನಮ್ಮ ಕಿವಿ ಏನ್ ಸುಳ್ಳ ಹೇಳ್ತಾವನು? ಇಷ್ಟ ಮಂದಿ ಕೇಳೀವಿ!"

ಭೀಮಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಕಡೆಗೆ ಮಾಸ್ತರರನ್ನು ನೋಡಿದ. ಅಟ್ಲಾಸ್ ಹಿಡಿದ ಮನುಷ್ಯ ಸುಳ್ಳು ಹೇಳಲಾರ. "ಹಂಗಾದ್ರ ಒದರಿರಬೇಕು ಬಿಡ್ರಿ" ಎಂದು ತಲೆ ಕೆರೆದುಕೊಂಡ. "ಒದರಿದ ಮ್ಯಾಲ ಬಿಡಬೇಕಲ್ಲ, ಇಲ್ಲಾಂದ್ರ ನನ್ನ ಮಾತಿಗಿ ಏನ್ ಕಿಮ್ಮತ್ತದ?" ಎದ್ದುಹೋಗಿ ಗೇಟು ಎತ್ತಿಯೇಬಿಟ್ಟ. ನಾಳೆ ಬರಬೇಕಾಗಿದ್ದ ನೀರು ಇವತ್ತೇ ಬಂತು. ನನ್ನ ಬಾಯಿಯ ಸುಳ್ಳು ಹೀಗೆ ಸರಕಾರಿ ಸತ್ಯವಾಯಿತು.

ನಾವು ಕೆಸರು ಮೆತ್ತಿಕೊಂಡು ಮರಳಿದಾಗ ದಮ್ಮಾಮ್ ಚೊಂಬು ಬಿಟ್ಟು ಭಾಬಿಯ ಕಿವಿಗೆ ಬಂದಿತ್ತು. ಭಾಬಿ ಪರದೆಯ ಹಿಂದೆ ಇರಲಿಲ್ಲ. ಜಮಖಾನೆಯ ಮೇಲೆ, ಮಾವ ಕೂರುವ ಜಾಗದಲ್ಲಿ ಕುಳಿತಿದ್ದಳು. ನಮ್ಮನ್ನು ಕಂಡು ಎದ್ದಳು, ಆದರೆ ಒಳಗೆ ಹೋಗಲಿಲ್ಲ. ಫೋನನ್ನು ಮತ್ತೆ ಚೊಂಬಿಗೆ ಆನಿಸಿ ಸ್ಪೀಕರ್ ಹಚ್ಚಿದಳು. ಅಷ್ಟು ಹೊತ್ತೂ ಅದು ಬಂದ್ ಆಗಿತ್ತೆಂದು ಆಗ ತಿಳಿಯಿತು.

"ಅಬ್ಬಾ" ಎಂದ ಮಹಿಬೂಬ್ ಭಾಯಿ, "ಸೋಮವಾರ ರಜಿಯಾನ್ನ ಕರ್ಕೊಂಡು ಯಾದಗಿರಿಗಿ ಹೋಗ್ರಿ. ಕಾಲೇಜಿಗಿ ಹಚ್ಚಿ ಬರ್ರಿ. ಇಷ್ಟ ದಿನ ನನಗ ಯಾರೂ ಯಾಕ ಹೇಳಲಿಲ್ಲ?"

ಚಾಚಾ ಬಾಯಿ ತೆರೆದ. ಸ್ಪೀಕರ್ ಇಡೀ ಪಡಸಾಲೆಗೆ ಕೇಳಿಸಿತ್ತು. ಈ ಒಂದು ಸಲ ಅದು ಅವನಿಗೆ ಬೇಕಿರಲಿಲ್ಲ.

"ದೂರ ಆತದ ಬೇಟಾ..." ಎಂದು ಶುರು ಮಾಡಿದ.

"ಖಾಸಿಂ" ಎಂದರು ಬಸಣ್ಣ ಮಾಸ್ತರು, ಅಟ್ಲಾಸಿನ ಕೆಸರು ಒರೆಸುತ್ತ, "ದಮ್ಮಾಮಿಗಿಂತ ಯಾದಗಿರಿ ಹತ್ತರ ಅದ ನೋಡು."

ಸೋಮವಾರ ಬೆಳಗಿನ ಬಸ್ಸಿಗೆ ಮಾವ-ಸೊಸೆ ಹೋದರು. ಸೀಟು ಹಿಡಿದುಕೊಟ್ಟವನು ನಾನು. "ಭಾಬಿ, ಅವತ್ತ ಏನಂದ್ರಿ ಭಾಯಿಗಿ?" ಎಂದು ಕೇಳಿದೆ. "ಅದನ್ನೂ ಹೋಟೆಲಿನಾಗ ಮಾಡಿ ತೋರಸ್ತೀಯೇನು?" ಎಂದು ಕಿಟಕಿಯ ಗಾಜು ಎಳೆದುಕೊಂಡಳು. ಇವತ್ತಿಗೂ ಹೇಳಿಲ್ಲ. ಊರಿನವರೆಲ್ಲರ ದನಿ ನನ್ನ ಗಂಟಲಲ್ಲಿದೆ. ಆ ಪಡಸಾಲೆಯಲ್ಲಿ ಗಂಡನ ಜೊತೆ ಮಾತಾಡಿದ ಅವಳ ದನಿ ಹೇಗಿತ್ತೆಂದು ಮಾತ್ರ ನನಗೆ ಗೊತ್ತಿಲ್ಲ. "ಹೌದ್ರಿ"ಯನ್ನು ಹೋಟೆಲಿನಲ್ಲಿ ಮಾಡುವುದನ್ನು ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಆಮೇಲೆ ಅದು ಬರಲೇ ಇಲ್ಲ.

ಈಗ ಅವಳು ಹತ್ತಿಕುಣಿಯ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಚಾಚಾ ಬದಲಾದನೇ ಎಂದರೆ, ಎಲ್ಲಿ! ಮಂಡಳಿಯಲ್ಲಿ ವಾದ ಬಿದ್ದಾಗ "ನಮ್ಮ ಟೀಚರನ್ನ ಕೇಳೂಣು ತಡಿ" ಎಂದು ಸೊಸೆಗೇ ಫೋನು ಹಚ್ಚಿ ಚೊಂಬಿಗೆ ಆನಿಸುತ್ತಾನೆ. ಅವಳು ಅಲ್ಲಿಂದ ಮೊದಲು ಅನ್ನುವ ಮಾತು, "ಅಬ್ಬಾ, ಸ್ಪೀಕರ್ ಬಂದ್ ಮಾಡ್ರಿ."

ಬಸ್ಸಿನಲ್ಲಿ ಆ ಫೋನಿನೊಳಗಿನ ಹೆಂಗಸೂ ಅಷ್ಟರಲ್ಲಿ ಅದನ್ನೇ ಮತ್ತೆ ಹೇಳಿದ್ದಳು. "ನಿಮಗ ಒಂದ್ ಮಾತ ಹೇಳೋದದ. ಒಂದೇ ಮಾತು." ಅವಳ ದನಿ ಈಗ ಸಣ್ಣದಾಗಿತ್ತು. ಮುದುಕಿಯರು ಸೆರಗು ಸರಿಸಿ ಕಿವಿ ಇತ್ತ ಕೊಟ್ಟಿದ್ದರು. ಕಂಡಕ್ಟರ್ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ್ದ. ಹುಂಜವೂ ಸುಮ್ಮನಿತ್ತು.

ನಾನು ಪಕ್ಕದವನ ಕೈಯಲ್ಲಿದ್ದ ಫೋನಿನ ಮೇಲೆ ಬೆರಳಿಟ್ಟು ಸ್ಪೀಕರ್ ಬಂದ್ ಮಾಡಿದೆ. "ಕಿವಿಗಿ ಹಿಡೀರಿ" ಎಂದೆ, ನನ್ನದೇ ದನಿಯಲ್ಲಿ. ಅವನು ಕಣ್ಣು ಕೆಕ್ಕರಿಸಿ, ಏನನ್ನಿಸಿತೋ, ಹಿಡಿದ. ಆದರೂ ಬಸ್ಸಿನ ಕಿವಿಗಳು ಅವನ ಮೇಲೆಯೇ ಇದ್ದವು. ಇನ್ನೇನು ಮಾಡಲಿ? ಎದ್ದು ನಿಂತು, ಮೇಲಿನ ಸರಳು ಹಿಡಿದು, ಒಂದು ಸಲ ಕೆಮ್ಮಿದೆ.

"ಏ ಕಾಲುವಿಗಿ ನೀರ ಬಂತ್ರೋ! ಆ ಕಡಿ ಕಿಡಕ್ಯಾಗ ನೋಡ್ರಿ!"

ಬಸ್ಸಿಗೆ ಬಸ್ಸೇ ಆ ಕಡೆಗೆ ವಾಲಿತು. ನೀರು ಇತ್ತೋ ಇಲ್ಲವೋ, ನಾನು ನೋಡಲಿಲ್ಲ. ನನ್ನ ಬೆನ್ನ ಹಿಂದೆ ಆ ಮನುಷ್ಯ ಮೊದಲ ಸಲ ಮೆಲ್ಲಗೆ, "ಹಾಂ, ಈಗ ಹೇಳು" ಎನ್ನುತ್ತಿದ್ದ. ನಾನು ತಿರುಗಲಿಲ್ಲ.