ದರ್ಜಿಯ ತಗಡಿನ ದನಿ

ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದ ಮೇಲೆ ದರ್ಜಿ ಗಿರಾಕಿಗಳಿಗೆ ಚೀಟಿ ಬರೆದು ತೋರಿಸುತ್ತಿದ್ದ. ಹೆಂಡತಿಗೆ ಕಣ್ಣು ಕಾಣಿಸದು. ಅವಳ ಜೊತೆಗಿನ ಮಾತೆಲ್ಲ ಕಂಪ್ಯೂಟರಿನ ಮೂಲಕ. ಇವನು ಟೈಪ್ ಮಾಡಬೇಕು, ಅದು ಒದರಬೇಕು. ಅದೇನು ದನಿಯೋ! ತಗಡಿನ ಡಬ್ಬಿಗೆ ಗುಂಡಿ ಹಾಕಿ ಅಲ್ಲಾಡಿಸಿದಂತೆ. "ನಿಮ್ಮ ಗಂಟಲಿಗೆ ಒಂಚೂರು ಎಣ್ಣೆ ಬಿಡಿ ಮಾರಾಯ್ರೆ" ಎಂದು ಅವಳು ಗೇಲಿ ಮಾಡುತ್ತಿದ್ದಳು. ಬರಬರುತ್ತ ಅವಳಿಗೆ ಗಂಡನೆಂದರೆ ಆ ದನಿಯೇ ಆಯಿತು. ಈಚೆಗೆ ಮರೆವು ಹತ್ತಿ ಮಗಳ ಹೆಸರೂ ತಪ್ಪುತ್ತಿತ್ತು. ದನಿ ಮಾತ್ರ ಮರೆತಿರಲಿಲ್ಲ.

ಆ ಮುದಿ ಕಂಪ್ಯೂಟರ್ ಒಂದು ದಿನ ಮಕಾಡೆ ಮಲಗಿತು. ಮಗಳು ಹೊಸದು ತಂದಳು. ಪಾಪ, ಪ್ರೀತಿಯಿಂದಲೇ ತಂದಳು. ಅದರ ದನಿ ಸುದ್ದಿ ಓದುವವರ ದನಿಯಷ್ಟು ನಯ. ದರ್ಜಿ "ಊಟ ಮಾಡು ಬಾ" ಎಂದು ಟೈಪ್ ಮಾಡಿದ. ಹೆಂಡತಿ ಗಾಬರಿಯಾಗಿ ಗೋಡೆಗೆ ಸರಿದಳು.

"ಯಾರ್ರೀ ನೀವು? ಅವರು ಮನೇಲಿಲ್ಲ, ಆಮೇಲೆ ಬನ್ನಿ."

ಕೈ ಹಿಡಿದರೆ ಎಳೆದುಕೊಂಡಳು. ತಟ್ಟೆ ಮುಂದಿಟ್ಟರೆ ತಳ್ಳಿದಳು. ಮಗಳು ತಿನ್ನಿಸಹೋದರೆ ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. "ಅವರು ಬರ್ಲಿ, ತಿಂತೀನಿ." ಮಾರನೆಯ ದಿನವೂ ಅದೇ ಮಾತು. ರಾತ್ರಿ ಅವಳಿಗೆ ನಿದ್ದೆ ಹತ್ತಿದ ಮೇಲೆ ದರ್ಜಿ ಮಂಚದ ಪಕ್ಕ ಕೂತು ಅವಳ ಕೈ ಹಿಡಿದುಕೊಂಡ.

ಹಳೆಯ ಡಿಸ್ಕಿನಲ್ಲಿ ಆ ಪ್ರೋಗ್ರಾಂ ಸದ್ಯ ಉಳಿದಿತ್ತು. ಹೊಸ ಕಂಪ್ಯೂಟರ್ ಅದನ್ನು ತೆರೆಯಲು ಒಪ್ಪಲಿಲ್ಲ. ಹಳೆಯ ಆವೃತ್ತಿಯಂತೆ ನಡೆಸು ಎಂದು ಮಗಳು ಸೆಟ್ಟಿಂಗ್ ಬದಲಿಸಿದರೆ ತೆರೆಯಿತು, ಆದರೆ ದನಿ ಬಾಲ ಸುಟ್ಟ ಬೆಕ್ಕಿನಂತೆ ಓಡಿತು. ಒಂದು ಮಾತೂ ತಿಳಿಯಲಿಲ್ಲ.

"ಇರಪ್ಪಾ, ಇದರ ಹೊಟ್ಟೆಯೊಳಗೇ ಹಳೇ ಕಂಪ್ಯೂಟರಿನದೊಂದು ನಕಲು ಕೂರಿಸ್ತೀನಿ" ಎಂದಳು ಮಗಳು. "ಕಾಲ ಬದಲಾಗಿದ್ದು ಪ್ರೋಗ್ರಾಮಿಗೆ ಗೊತ್ತೇ ಆಗಬಾರದು."

ಆ ದರಿದ್ರ ದನಿಯನ್ನು ಇಷ್ಟು ವರ್ಷ ಶಪಿಸಿದ್ದವನು ಈಗ ಅದು ಬಂದರೆ ಸಾಕೆಂದು ಪರದೆಯ ಮುಂದಿನಿಂದ ಏಳದೆ ಕೂತ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಹಳೆಯ ಪ್ರೋಗ್ರಾಮಿನ ಕಿಟಕಿ ತೆರೆದುಕೊಂಡಿತು. ದರ್ಜಿ ಅದೇ ಮಾತನ್ನು ಟೈಪ್ ಮಾಡಿದ. ಡಬ್ಬಿ ಗಲಗಲ ಎಂದಿತು: "ಊಟ ಮಾಡು ಬಾ."

ಹೆಂಡತಿ ದಡಕ್ಕನೆ ಎದ್ದು ಕೂತಳು. "ಬಂದ್ರಾ? ಎಲ್ಲಿ ಹಾಳಾಗಿ ಹೋಗಿದ್ರಿ? ಯಾರೋ ಬಂದು ಮಂಚದ ಪಕ್ಕ ಕೂತ್ಕೊಂಡಿದ್ದ ಕಣ್ರೀ. ಅಳ್ತಾ ಇದ್ದ ಅನ್ಸುತ್ತೆ, ನನ್ನ ಕೈಯೆಲ್ಲ ಒದ್ದೆ ಆಗಿತ್ತು." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಇಲ್ಲೇ ಎಲ್ಲೋ ಇರ್ಬೇಕು. ಪಾಪ, ಅವನಿಗೂ ಎರಡು ತುತ್ತು ಹಾಕಿ ಕಳಿಸಿ."