ಬಿಚ್ಚುವ ಮೊದಲು ನೋಡುತ್ತಿದ್ದವರು

ನಮ್ಮತ್ತೆಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬೆಸುಗೆ ಹಾಕುವ ಕಡ್ಡಿ ತಾಗಿ ತಾಗಿ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಅವರು ನಗುತ್ತಾ ಎಡಗೈ ಚಾಚುತ್ತಿದ್ದರು.

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಮಾವನವರು ಬಿಟ್ಟುಹೋದ ರೇಡಿಯೋ ರಿಪೇರಿ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ರೇಡಿಯೋ ಹೋಗಿ ಟಿ.ವಿ. ಬಂತು, ಆಮೇಲೆ ಮೊಬೈಲು, ಲ್ಯಾಪ್‌ಟಾಪು. ಎಲ್ಲವನ್ನೂ ಕಲಿತರು. ಏನೇ ಬರಲಿ, ಮೊದಲು ಮುಟ್ಟುತ್ತಿರಲಿಲ್ಲ. ತಂದವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಮನೆಯಲ್ಲಿ ಹೇಗೆ ಬಳಸುತ್ತಾರೋ ಹಾಗೇ ಬಳಸಲು ಹೇಳಿ, ಕೈಕಟ್ಟಿ ನೋಡುತ್ತಿದ್ದರು.

ಜಾವಗಲ್ಲಿನ ಒಬ್ಬರು ಒಮ್ಮೆ ರೇಗಿದರು. “ಏನಕ್ಕಾ, ರಿಪೇರಿಗೆ ತಂದ್ರೆ ನನ್ ಕೈಲೇ ಕೆಲ್ಸ ಮಾಡಿಸ್ತೀಯಲ್ಲ!”

“ಕೆಟ್ಟಿರೋದು ಅದೋ ನೀನೋ ತಿಳೀಬೇಕಲ್ಲಪ್ಪ,” ಎಂದರು ಅತ್ತೆ.

ಮದುವೆಯಾದ ಮರುವರ್ಷ ನಾನು ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮನೆಯಿಂದಲೇ ಮಾಡುವ ಕೆಲಸ. ಅದಕ್ಕೆ ಮೊದಲು ಮೊಬೈಲಿನ ನೆಟ್ ಹಿಡಿದು ವಿಡಿಯೋದಲ್ಲಿ, ಕೆಲಸ ಕೊಡುವವರ ಕಣ್ಣೆದುರೇ, ಅರ್ಧ ಗಂಟೆಯ ಪರೀಕ್ಷೆ. ಹಿಂದೆ ಎರಡು ಕಡೆ ಇಂಥದೇ ಪರೀಕ್ಷೆಯಲ್ಲಿ ಸೋತಿದ್ದೆ. ನಮ್ಮ ಹಾರನಹಳ್ಳಿಯಲ್ಲಿ ಬೆಳಗಿನ ಹೊತ್ತು ಕರೆಂಟನ್ನು ನೆಚ್ಚುವಂತಿಲ್ಲ. ಚಾರ್ಜರ್ ತೆಗೆದರೆ ನನ್ನ ಲ್ಯಾಪ್‌ಟಾಪ್ ತೆವಳುತ್ತಿತ್ತು. ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ಮೂಡುತ್ತಿತ್ತು. ಬ್ಯಾಟರಿ ಸತ್ತಿದೆ ಎಂದುಕೊಂಡು, ಅತ್ತೆಗೆ ಹೇಳಲೂ ಸಂಕೋಚಪಟ್ಟು ಅಡುಗೆಮನೆಯಲ್ಲಿ ಅಳುತ್ತಿದ್ದೆ.

ಪರೀಕ್ಷೆಯ ಹಿಂದಿನ ದಿನ ಅವರೇ ಬಂದು ಎದುರು ಕೂತರು. “ಟೈಪ್ ಮಾಡು.” ಮಾಡಿದೆ. “ವೈರ್ ಕೀಳು.” ಕಿತ್ತೆ. “ಹಾಕು.” ಹೀಗೆ ನಾಲ್ಕು ಸಲ.

“ಬ್ಯಾಟರಿ ಸತ್ತಿದ್ರೆ ಆರೋಗ್ತಿತ್ತು ಕಣಮ್ಮ. ಇದು ಆರ್ತಿಲ್ಲ. ನಿಧಾನಕ್ಕೆ ಹೋಗು ಅಂತ ಯಾರೋ ಹೇಳವ್ರೆ. ಕರೆಂಟ್ ಹೋದಾಗ ಬಾಳ ಹೊತ್ತು ಬರ್ಲಿ ಅಂತ ಏನಾರ ಒತ್ತಿದ್ಯಾ?”

ನಾನೇ ಒತ್ತಿದ್ದೆ. ಈ ಮನೆಗೆ ಬಂದ ಹೊಸತರಲ್ಲಿ ಇಲ್ಲಿನ ಕರೆಂಟಿಗೆ ಹೆದರಿ, ಬ್ಯಾಟರಿ ಉಳಿಸುವ ಆಯ್ಕೆಗಳನ್ನೆಲ್ಲ ಒಂದೂ ಬಿಡದೆ ಒತ್ತಿ ಮರೆತಿದ್ದೆ. ತಲೆ ತಗ್ಗಿಸಿದೆ.

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. “ಮೇಲಿಂದ ಮೂರ್ನೇದು ಏನೈತೆ, ಓದು,” ಎನ್ನುತ್ತಾ ಒಂದೊಂದನ್ನೂ ನನ್ನ ಕೈಯಲ್ಲೇ ಬದಲಿಸಿದರು. ವೈರ್ ಕಿತ್ತರೂ ಅಕ್ಷರಗಳು ಬೆರಳ ಹಿಂದೆಯೇ ಓಡಿಬಂದವು. ನಾನು ಬೆರಗಾಗಿ ಅವರ ಮುಖ ನೋಡಿದೆ. ಅವರು ಅಷ್ಟಕ್ಕೇ ಬಿಡಲಿಲ್ಲ. ಪೂರ್ತಿ ಚಾರ್ಜ್ ಮಾಡಿಸಿ, ಆರುವವರೆಗೂ ಟೈಪ್ ಮಾಡಿಸಿ ಗಡಿಯಾರ ನೋಡಿದರು.

“ಐವತ್ತು ನಿಮಿಷ ಬತ್ತದೆ. ನಿಂಗೆ ಬೇಕಾದ್ದು ಅರ್ಧ ಗಂಟೆ. ಇನ್ಯಾಕೆ ಅಳ್ತೀಯ?”

ಮರುದಿನ ಪರೀಕ್ಷೆ ಶುರುವಾಗಿ ಐದು ನಿಮಿಷಕ್ಕೇ ಕರೆಂಟು ಹೋಯಿತು. ನಾನು ಬೆಚ್ಚಿದೆ, ಲ್ಯಾಪ್‌ಟಾಪ್ ಬೆಚ್ಚಲಿಲ್ಲ. ಕೆಲಸ ಸಿಕ್ಕಿತು.

ನಾನು ತಿದ್ದಿದ ಮೊದಲ ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. ಹಾಳೆ ಹಾಳೆ ತಿರುವಿದರು.

“ನಿನ್ನೆಸ್ರು ಎಲ್ಲೈತೆ?”

“ಕರಡು ತಿದ್ದಿದೋರ ಹೆಸರು ಹಾಕಲ್ಲ ಅತ್ತೆ.”

“ಬುಡು. ನಾನ್ ಯಾವ್ ರೇಡಿಯೋ ಮೇಲೆ ಹೆಸ್ರು ಬರ್ದಿದ್ದೆ? ಅವು ಹಾಡ್ತಿದ್ವಲ್ಲ.”

ಆ ವಾರವೇ ಅವರು ಹೋದರು. ಇಂದು ನಾನು ಉಣ್ಣುತ್ತಿರುವ ಅನ್ನ ಅವರದ್ದು. ಅವರಿರುವಾಗ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.