ಆಯುಧಪೂಜೆಯ ದಿನ ಕೆಲಸಕ್ಕೆ ಹೋದ ಸ್ಪ್ಯಾನರುಗಳು

ನಾನು ಚಿಕ್ಕವಳಿದ್ದಾಗ ಟೊರಾಂಟೋದ ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಹನ್ನೊಂದನೇ ಮಹಡಿಯಲ್ಲಿ ಇದ್ದೆವು. ಅಪ್ಪ, ಅಮ್ಮ, ನಾನು, ಮೂರೇ ಜನ. ಮೈಸೂರಿನಿಂದ ಬಂದು ಐದು ತಿಂಗಳಾಗಿತ್ತು. ನನಗೆ ಆಗ ಹತ್ತು ವರ್ಷ. ಮಕ್ಕಳೇ, ನಿಮ್ಮ ಹಾಗೆ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಚಾಳಿ ನನಗೂ ಆಗಲೇ ಶುರುವಾಗಿತ್ತು. ಚೆನ್ನಾಗಿ ಬೈಸಿಕೊಳ್ಳುತ್ತಿದ್ದೆ.

ಮೈಸೂರಿನಲ್ಲಿ ಅಪ್ಪ ಬಸ್ ಡಿಪೋದ ಮೆಕ್ಯಾನಿಕ್ ಆಗಿದ್ದರು. ಅವರು ಕೆಲಸ ಕಲಿತ ಕಾಲದಲ್ಲಿ ನಮ್ಮೂರಿನ ಬಸ್ಸು, ಲಾರಿ, ಕಾರುಗಳ ಎಂಜಿನ್ನುಗಳಲ್ಲಿ ಬಹಳಷ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದಿದ್ದವು. ಆ ಎಂಜಿನ್ನುಗಳ ನಟ್ಟು ಬೋಲ್ಟುಗಳಿಗೆ ಇಂಗ್ಲೆಂಡಿನದೇ ಒಂದು ಅಳತೆ. ಬೇರೆ ಅಳತೆಯ ಸ್ಪ್ಯಾನರ್ ಹಾಕಿದರೆ ಒಂದೋ ಕೂರುವುದಿಲ್ಲ, ಇಲ್ಲವೇ ಜಾರಿ ಜಾರಿ ನಟ್ಟಿನ ಮೂಲೆಗಳೇ ಸವೆದುಹೋಗುತ್ತವೆ. ಆ ಅಳತೆಯ ಹದಿನಾಲ್ಕು ಸ್ಪ್ಯಾನರುಗಳನ್ನು ಅಪ್ಪ ವಿಮಾನದಲ್ಲಿ ಹೊತ್ತು ತಂದಿದ್ದರು. ಅವುಗಳ ತೂಕಕ್ಕೆ ಅಮ್ಮನ ಹಿತ್ತಾಳೆಯ ಇಡ್ಲಿ ಪಾತ್ರೆ ಮೈಸೂರಿನಲ್ಲೇ ಉಳಿಯಬೇಕಾಯಿತು. ಅಮ್ಮ ಅದನ್ನು ವಾರಕ್ಕೆ ಎರಡು ಸಲವಾದರೂ ಜ್ಞಾಪಿಸುತ್ತಿದ್ದಳು.

ಅಷ್ಟು ಭಾರ ಹೊತ್ತು ತಂದರೂ ಅಪ್ಪನಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಯಾವ ಗ್ಯಾರೇಜಿಗೆ ಹೋದರೂ ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ ಎಂದು ಕೇಳಿ ಕಳಿಸಿಬಿಡುತ್ತಿದ್ದರು. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು, ನೀವೇ ಹೇಳಿ. ದೀಪಾವಳಿಯೊಳಗೆ ಏನೂ ಆಗದಿದ್ದರೆ ಮೈಸೂರಿಗೆ ವಾಪಸ್ಸು ಹೋಗುವುದೇ ಸೈ ಎಂದು ಅಪ್ಪ ಹೇಳಿಬಿಟ್ಟಿದ್ದರು. ನನಗೆ ಇಲ್ಲಿನ ಶಾಲೆ ಬಹಳ ಹಿಡಿಸಿತ್ತು. ಹೋಗಲು ಒಂದಿಷ್ಟೂ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಮ್ಮ ಕಿಟಕಿಯ ಪಕ್ಕ ರಟ್ಟಿನ ಪೆಟ್ಟಿಗೆಯ ಮೇಲೆ ಬಿಳಿ ಟವೆಲ್ ಹಾಸಿದಳು. ಅದರ ಮೇಲೆ ಚಾಕು, ಕತ್ತರಿ, ಅಪ್ಪನ ಸ್ಪ್ಯಾನರುಗಳನ್ನೆಲ್ಲ ಜೋಡಿಸಿ ಅರಿಶಿನ ಕುಂಕುಮ ಹಚ್ಚಿದಳು. ಬೂದುಗುಂಬಳ ಸಿಕ್ಕಿರಲಿಲ್ಲ. ಇಲ್ಲಿ ಆ ತಿಂಗಳು ಅಂಗಡಿಗಳ ಮುಂದೆ ರಾಶಿ ಹಾಕುವ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ತಂದಿದ್ದೆವು. ಊದುಬತ್ತಿಯ ಘಮ, ಗಸಗಸೆ ಪಾಯಸದ ಘಮ ಎರಡೂ ಸೇರಿ ಮನೆ ತುಂಬಿತ್ತು. ಪೂಜೆಗಿಟ್ಟ ಆಯುಧಗಳಿಗೆ ಅವತ್ತು ವಿಶ್ರಾಂತಿ. ಮಾರನೆಯ ದಿನ ವಿಜಯದಶಮಿಯವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ.

ಮಂಗಳಾರತಿಯಾಗಿ ಐದು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು. ಅಪ್ಪ ಹಿಂದಿನ ವಾರ ಇಂಗ್ಲೆಂಡಿನ ಎಂಜಿನ್ನುಗಳು ಗೊತ್ತು ಎಂದು ಹೇಳಿ ಕೆಲಸ ಕೇಳಿ ಬಂದಿದ್ದ ಗ್ಯಾರೇಜಿನ ಯಜಮಾನರು. ಇಂಗ್ಲೆಂಡಿನ ಹಳೆಯ ಕಾರೊಂದು ಬಂದಿದೆಯಂತೆ, ಎಂಜಿನ್ನಿನಿಂದ ನೀರು ಸೋರುತ್ತಿದೆಯಂತೆ, ಅವರ ಕೆಲಸಗಾರರು ಬಿಚ್ಚಲು ಹೋಗಿ ಆಗಲೇ ಎರಡು ನಟ್ಟು ಹಾಳುಮಾಡಿದ್ದಾರಂತೆ. ಈಗಲೇ ಬಂದರೆ ನೋಡೋಣ, ಇಲ್ಲದಿದ್ದರೆ ಬೇರೆಯವರನ್ನು ಹುಡುಕುತ್ತೇನೆ ಎಂದರಂತೆ.

"ಒಳ್ಳೆ ದಿನಾನೇ ಕರೆದ್ರು. ಪೂಜೆಗಿಟ್ಟಿದ್ದನ್ನ ಇವತ್ತು ಹೇಗೆ ಮುಟ್ಟೋದು?" ಎಂದು ಅಪ್ಪ ಅಲ್ಲೇ ಕುಸಿದು ಕೂತರು.

ಅಮ್ಮ ಮಡಿ ಮೈಲಿಗೆ ಎಂದು ನನ್ನ ಜೀವ ಹಿಂಡುತ್ತಿದ್ದವಳು, ಒಪ್ಪುತ್ತಾಳೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವಳು ಪೂಜೆಯ ಮುಂದೆ ಕೂತು ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ತಾನೇ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ತನ್ನ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದಳು.

"ಏಳಿ ರೀ, ಹೊರಡಿ. ದೇವರಿಗೆ ನಾನು ಹೇಳ್ಕೋತೀನಿ. ಇವಳನ್ನೂ ಕರ್ಕೊಂಡ್ಹೋಗಿ, ಈ ಜನದ ಇಂಗ್ಲಿಷು ಇವಳಿಗೆ ಅರ್ಥ ಆಗುತ್ತೆ."

ಗ್ಯಾರೇಜಿನಲ್ಲಿ ಪೆಟ್ರೋಲು, ಸುಟ್ಟ ಆಯಿಲ್ಲು, ಆರಿದ ಕಾಫಿಯ ವಾಸನೆ. ನನ್ನನ್ನು ಒಂದು ಟೈರಿನ ಮೇಲೆ ಕೂರಿಸಿ ಅಪ್ಪ ಬಾನೆಟ್ ಒಳಗೆ ಬಗ್ಗಿದರು. ಮೊದಲನೆಯ ಸ್ಪ್ಯಾನರ್ ಇಟ್ಟರು, ಅದು ನಟ್ಟಿನ ಮೇಲೆ ಭದ್ರವಾಗಿ ಕೂತಿತು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿ, "ನಮ್ಮ ಡಿಪೋ ಅಳತೇನೇ ಕಣೇ" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ. ಹಾಳಾಗಿದ್ದ ಎರಡು ನಟ್ಟುಗಳನ್ನು ಉಳಿ ಇಟ್ಟು ಹುಷಾರಾಗಿ ತಟ್ಟಿ ತೆಗೆದರು. ಸೋರುತ್ತಿದ್ದ ನೀರಿನ ಪಂಪು ಬದಲಾಯಿಸಿ ಎಲ್ಲ ಬಿಗಿದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಎಂಜಿನ್ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು, ಒಂದು ತೊಟ್ಟು ನೀರೂ ಬೀಳಲಿಲ್ಲ.

ಯಜಮಾನರು ಒಂದು ಸ್ಪ್ಯಾನರ್ ಎತ್ತಿ ನೋಡಿ, ಇದೇನು ಕೆಂಪಗೆ, ತುಕ್ಕೇ ಎಂದು ನನ್ನನ್ನು ಕೇಳಿದರು. ಅಲ್ಲ, ಇವತ್ತು ಇವುಗಳ ಹಬ್ಬ, ಇವತ್ತು ಇವು ಕೆಲಸ ಮಾಡಬಾರದಿತ್ತು ಎಂದೆ. ಅವರು ಸ್ಪ್ಯಾನರನ್ನು ಸೀರೆಯ ತುಂಡಿನ ಮೇಲೆ ಮೆಲ್ಲಗೆ ಇಟ್ಟು, "ಹಾಗಾದರೆ ನಾಳೆಯೂ ಸುಧಾರಿಸಿಕೊಳ್ಳಲಿ. ಸೋಮವಾರ ಎಂಟು ಗಂಟೆಗೆ ನಿನ್ನಪ್ಪನ ಜೊತೆ ಕೆಲಸಕ್ಕೆ ಬರಲಿ" ಎಂದರು. ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುವಾಗ ನನಗೆ ಅಳು ಬಂದುಬಿಟ್ಟಿತು.

ಈಗ ಮಿಲ್ಟನ್ ಊರಿನ ನಿಮ್ಮ ಮನೆಯ ಕಾರಿಗೆ ಎಂಜಿನ್ನೇ ಇಲ್ಲ. ಫೋನಿನ ಹಾಗೆ ಚಾರ್ಜಿಗೆ ಹಾಕುತ್ತೀರಿ, ಬಾನೆಟ್ ತೆಗೆದರೆ ನಿಮ್ಮ ಹಾಕಿ ಆಟದ ಶೂಗಳಿರುತ್ತವೆ. ಸದ್ದಿಲ್ಲ, ಹೊಗೆಯಿಲ್ಲ, ಒಳ್ಳೆಯದೇ ಆಯಿತು. ಹಿಂದಿನದೇ ಚೆನ್ನ ಎನ್ನುವ ಅಜ್ಜಿ ನಾನಲ್ಲ, ಅದರ ಬೆಚ್ಚಗಾಗುವ ಸೀಟು ನನಗೂ ಬೇಕು. ಕಾರು ಸ್ವಲ್ಪ ತೊಂದರೆ ಕೊಟ್ಟರೂ ನಿಮ್ಮಪ್ಪನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಇಂಗ್ಲೆಂಡಿನ ಆ ಎಂಜಿನ್ ಅವತ್ತು ಕೆಡದಿದ್ದರೆ ನಾವು ಮೈಸೂರಿಗೆ ಹೊರಟುಬಿಡುತ್ತಿದ್ದೆವು. ನಿಮ್ಮ ತಾತ ನನಗೆ ಸಿಗುತ್ತಿರಲಿಲ್ಲ, ನಿಮ್ಮಪ್ಪನೂ ಇಲ್ಲ, ನೀವೂ ಇಲ್ಲ. ಆ ಕಾರು ಕೆಟ್ಟು ನಿಂತದ್ದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.